ಮಿಶ್ರಛಾಪುವಿಗೊಂದು ಸೀಕ್ವೆನ್ಸರ್: ಮಳೆಗಾಲದ ಟಿಪ್ಪಣಿಗಳು

ಜೂನ್ 24, ಆರಿದ್ರಾ ಮಳೆ

ತೀರ್ಥಹಳ್ಳಿಯಿಂದ ಆಗುಂಬೆಗೆ ಹೋಗುವ ದಾರಿಯಲ್ಲಿ ನಮ್ಮ ಮನೆ. ಮಳೆ ಹಿಡಿದರೆ ತೋಟದ ಕೆಲಸ ನಿಲ್ಲುತ್ತದೆ, ಸಂಜೆಗಳು ಉದ್ದವಾಗುತ್ತವೆ. ಈ ಸಲದ ಸಂಜೆಗಳನ್ನೆಲ್ಲ ಒಂದೇ ಕೆಲಸಕ್ಕೆ ಎತ್ತಿಟ್ಟಿದ್ದೇನೆ: ಪ್ಯೂರ್ ಡೇಟಾದಲ್ಲಿ ಮಿಶ್ರಛಾಪು ತಾಳಕ್ಕೆ, ಅಂದರೆ ಏಳು ಅಕ್ಷರಗಳ (ಎಣಿಕೆಗಳ) ಆವರ್ತಕ್ಕೆ, ಹೊಂದುವ ಸ್ಟೆಪ್ ಸೀಕ್ವೆನ್ಸರ್ (ಸ್ವರಗಳನ್ನು ಹೆಜ್ಜೆಹೆಜ್ಜೆಯಾಗಿ ತಾನೇ ನುಡಿಸುತ್ತ ಹೋಗುವ ಸಾಧನ) ಕಟ್ಟಬೇಕು. ಮಿಲ್ಲರ್ ಪಕೆಟ್ 1990ರ ದಶಕದಲ್ಲಿ ಬರೆದ ಈ ತಂತ್ರಾಂಶ ಉಚಿತವಾಗಿ ಸಿಗುತ್ತದೆ. ಪರದೆಯ ಮೇಲೆ ಪುಟ್ಟ ಪೆಟ್ಟಿಗೆಗಳನ್ನಿಟ್ಟು ಒಂದರಿಂದ ಒಂದಕ್ಕೆ ತಂತಿ ಎಳೆದರೆ ಅದೇ ವಾದ್ಯ.

ಸಿದ್ಧವಾಗಿ ಸಿಗುವ ಸೀಕ್ವೆನ್ಸರ್‌ಗಳಲ್ಲಿ ಹೆಚ್ಚಿನವು 8 ಅಥವಾ 16 ಹೆಜ್ಜೆಯವು. 1980ರ ರೋಲ್ಯಾಂಡ್ ಟಿಆರ್-808 ತಾಳಯಂತ್ರದಲ್ಲಿದ್ದ 16 ಗುಂಡಿಗಳ ಸಾಲು ಇಂದಿಗೂ ಎಲ್ಲೆಡೆ ಕಾಣುತ್ತದೆ. ನಾಲ್ಕು ನಾಲ್ಕರ ಲೆಕ್ಕಕ್ಕೆ ಅದು ಚೆನ್ನ. ತಕಿಟ ತಕಧಿಮಿ ಎಂದು ಮೂರು ನಾಲ್ಕಾಗಿ ನಡೆಯುವ ಏಳಕ್ಕೆ ಒಗ್ಗುವುದಿಲ್ಲ. ಒಂಬತ್ತು ಗುಂಡಿಗಳನ್ನು ಮುಚ್ಚಿ ಏಳನ್ನು ಉಳಿಸಿಕೊಳ್ಳಬಹುದು. ಎರಡು ವರ್ಷ ನಾನೂ ಹಾಗೆಯೇ ಮಾಡಿದೆ. ಆದರೆ ಆಗ ಸ್ವರಗಳ ಸಾಲೂ ಏಳಕ್ಕೇ ಕಟ್ಟುಬೀಳುತ್ತದೆ. ಪ್ರತಿ ಆವರ್ತದಲ್ಲೂ ಅದೇ ಸ್ವರ ಅದೇ ಜಾಗದಲ್ಲಿ. ಹಾಡುವವರು ಹಾಗೆ ಹಾಡುವುದಿಲ್ಲ. ತಾಳ ತನ್ನ ಪಾಡಿಗೆ ಎಣಿಸುತ್ತಿರಬೇಕು, ಸ್ವರ ಅದರ ಮೇಲೆ ತನ್ನದೇ ಅಳತೆಯಲ್ಲಿ ಸಾಗಬೇಕು.

ಜೂನ್ 29

ಎಣಿಕೆಯ ಭಾಗ ಮುಗಿಯಿತು. ಮೆಟ್ರೊ ಎಂಬ ಪೆಟ್ಟಿಗೆ 240 ಮಿಲಿಸೆಕೆಂಡಿಗೊಮ್ಮೆ ಮಿಡಿಯುತ್ತದೆ. ಪ್ರತಿ ಮಿಡಿತಕ್ಕೂ ಒಂದೇ ಒಂದು ಸಂಖ್ಯೆ ಏರುತ್ತ ಹೋಗುತ್ತದೆ. ಅದನ್ನು 7ರಿಂದ ಭಾಗಿಸಿ ಉಳಿದ ಶೇಷ ತಾಳಕ್ಕೆ, 8ರಿಂದ ಭಾಗಿಸಿ ಉಳಿದ ಶೇಷ ಎಂಟು ಸ್ವರಗಳ ಸಾಲಿಗೆ. ಎರಡೂ ಮತ್ತೆ ಸಮದಲ್ಲಿ, ಅಂದರೆ ಆವರ್ತದ ಮೊದಲ ಪೆಟ್ಟಿನಲ್ಲಿ, ಕೂಡುವುದು 56 ಅಕ್ಷರಗಳ ಬಳಿಕ. ಎಂಟು ಆವರ್ತ, 13.44 ಸೆಕೆಂಡ್. ಷಡ್ಜ ಒಂದೊಂದೇ ಮನೆ ಸರಿದು ಕೊನೆಗೆ ಸಮಕ್ಕೆ ಬಂದು ಕೂತಾಗ ಮೈ ಜುಮ್ಮೆಂದಿತು. ಮೂರು ಸಲ ಕೇಳಿದೆ.

ಒಂದು ತಪ್ಪು ಎರಡು ಸಂಜೆಗಳನ್ನು ನುಂಗಿತು. ಶುರು ಮಾಡಿದೊಡನೆ ಷಡ್ಜ ಬರಬೇಕಾದಲ್ಲಿ ರಿಷಭ ಬರುತ್ತಿತ್ತು. ಎಣಿಕೆಯನ್ನು ನೆನಪಿಡುವ ಪೆಟ್ಟಿಗೆ ಒಂದು, ಅದಕ್ಕೆ ಒಂದು ಕೂಡಿಸಿ ಹಿಂದಕ್ಕೆ ಕಳಿಸುವ ಪೆಟ್ಟಿಗೆ ಇನ್ನೊಂದು. ನಾನು ಕೂಡಿಸುವ ಪೆಟ್ಟಿಗೆಯಿಂದ ತಂತಿ ಎಳೆದಿದ್ದೆ, ಹಾಗಾಗಿ ಎಣಿಕೆ ಸೊನ್ನೆಯ ಬದಲು ಒಂದರಿಂದ ಹೊರಡುತ್ತಿತ್ತು. ತಂತಿಯನ್ನು ಬಿಡಿಸಿ ನೆನಪಿನ ಪೆಟ್ಟಿಗೆಗೆ ಸಿಕ್ಕಿಸಿದೆ, ಸರಿಹೋಯಿತು. ಏರುತ್ತಲೇ ಹೋಗುವ ಸಂಖ್ಯೆ ಎಲ್ಲಿಗೆ ಮುಟ್ಟುತ್ತದೆ ಎಂಬ ಅಳುಕೂ ಇತ್ತು. ಪ್ಯೂರ್ ಡೇಟಾ ಬಳಸುವ 32 ಬಿಟ್‌ನ ದಶಮಾಂಶ ಸಂಖ್ಯೆ 1,67,77,216ರವರೆಗೆ ಒಂದೊಂದಾಗಿ ತಪ್ಪದೆ ಎಣಿಸುತ್ತದೆ. ಈ ವೇಗದಲ್ಲಿ ಅಲ್ಲಿಗೆ ತಲುಪಲು 46 ದಿನ ಬೇಕು.

ಜುಲೈ 9, ಪುನರ್ವಸು ಮಳೆ

ಐದು ದಿನ ಕರೆಂಟಿಲ್ಲ. ನಡುವೆ ಎರಡು ದಿನ ಹೊಳವಾಯಿತು, ಅಡಿಕೆಗೆ ಕೊಳೆ ಔಷಧಿ ಹೊಡೆಸಿದೆವು. ಸೀಕ್ವೆನ್ಸರ್ ಕೆಲಸ ಸ್ವಲ್ಪವೇ ಆಗಿದೆ. ತಾಳದ ಅಳತೆಯನ್ನು 7ರಿಂದ 5ಕ್ಕೆ ಬದಲಿಸಿದರೆ ಆವರ್ತದ ನಡುವೆಯೇ ಎಣಿಕೆ ಜಿಗಿಯುತ್ತಿತ್ತು. ಈಗ ಹೊಸ ಅಳತೆ ಸಮ ಬರುವವರೆಗೆ ಕಾಯುತ್ತದೆ, ಆಮೇಲೆ ಎಣಿಕೆ ಸೊನ್ನೆಯಿಂದ ಹೊರಡುತ್ತದೆ. ಮಾಯಾಮಾಳವಗೌಳ ರಾಗದ ಗಾಂಧಾರವನ್ನು ಕೀಬೋರ್ಡಿನ 4 ಅರ್ಧಸ್ವರಗಳಿಂದ 3.86ಕ್ಕೆ ಇಳಿಸಿದೆ, 5/4ರ ಅನುಪಾತಕ್ಕೆ ಬರುವುದು ಅಷ್ಟು. ತಂಬೂರಿಯ ಜೊತೆ ಈಗ ಕದಡುವುದಿಲ್ಲ.

ಜುಲೈ 18

ಸೋದರಮಾವ ಬಂದಿದ್ದಾರೆ. ಯಕ್ಷಗಾನ ಮೇಳದಲ್ಲಿ ಬಹಳ ವರ್ಷ ಮದ್ದಲೆ ನುಡಿಸಿದವರು. ಕಣ್ಣು ಮುಚ್ಚಿ ಹತ್ತು ನಿಮಿಷ ಕೇಳಿದರು. “ಇದು ನಮ್ಮ ತ್ರಿವುಡೆಯ ಏಳೇ. ಎಣಿಕೆ ತಪ್ಪಿಲ್ಲ ಮಾಣಿ, ಆದರೆ ತಕಧಿಮಿಗೆ ತಿರುಗುವಲ್ಲಿ ಕೈ ಕಾಯುತ್ತಿದೆ” ಎಂದರು.

ಮೊದಲು ಪ್ರತಿ ಹೆಜ್ಜೆಯನ್ನೂ ಮನಬಂದಂತೆ ಕೆಲವು ಮಿಲಿಸೆಕೆಂಡ್ ಅತ್ತಿತ್ತ ಸರಿಸಿ ನೋಡಿದೆ. ಯಂತ್ರದ ಲಯವನ್ನು ಮನುಷ್ಯರದ್ದಾಗಿಸಲು ಹಲವರು ಹಾಗೆ ಮಾಡುತ್ತಾರೆ. ಅದು ಬರಿಯ ಅಸ್ಥಿರತೆ. ನುರಿತ ಕೈ ಅಸ್ಥಿರವಾಗಿರುವುದಿಲ್ಲ. ಆದ್ದರಿಂದ ಮಾವನ ಕೈಯನ್ನೇ ಅಳೆಯಲು ಹೊರಟೆ. ಊಟದ ಮಣೆಯ ಪಕ್ಕ ಮೈಕ್ ಇಟ್ಟೆ. ಅವರ ಕಿವಿಗೆ ಸಮದ ಪೆಟ್ಟು ಮಾತ್ರ ಕೇಳಿಸಿದೆ, ಉಳಿದ ಆರನ್ನೂ ಅವರೇ ಮಣೆಯ ಮೇಲೆ ತಟ್ಟಿದರು. ಬಾಂಕ್ ಎಂಬ ಪೆಟ್ಟಿಗೆ ಪೆಟ್ಟು ಬಿದ್ದುದನ್ನು ಗುರುತಿಸುತ್ತದೆ, ಟೈಮರ್ ಅಂತರ ಹೇಳುತ್ತದೆ. ಯಂತ್ರದ ಸಮದಿಂದ ಅಳೆದರೆ ಶಬ್ದ ಒಳಹೊರಗೆ ಹಾಯುವ ವಿಳಂಬವೂ ಸೇರಿಕೊಳ್ಳುತ್ತದೆ. ಅದಕ್ಕೇ ಸಮದ ಪೆಟ್ಟನ್ನೂ ಅವರಿಂದಲೇ ಹಾಕಿಸಿ, ಅಲ್ಲಿಂದ ನಾಲ್ಕನೆಯದಕ್ಕೆ ಅಳೆದೆ. 720 ಇರಬೇಕಾದ ಅಂತರ ನಲವತ್ತು ಆವರ್ತಗಳಲ್ಲೂ 702ರ ಆಸುಪಾಸಿನಲ್ಲೇ ನಿಂತಿತು. 18 ಮಿಲಿಸೆಕೆಂಡ್ ಮುಂಚೆ, ಪ್ರತಿ ಸಲ. ಉಪಕರಣ ಗುರುತಿಸಬಲ್ಲ ಕನಿಷ್ಠ ಅಂತರ 3 ಮಿಲಿಸೆಕೆಂಡಿನಷ್ಟು, ಆದ್ದರಿಂದ ಇದು ಅಳತೆಯ ದೋಷವಲ್ಲ.

ಇನ್ನೂ ಬಾರದ ಮಿಡಿತಕ್ಕಿಂತ ಮುಂಚೆ ಸ್ವರ ನುಡಿಸುವುದು ಹೇಗೆ? ಎಲ್ಲ ಹೆಜ್ಜೆಗಳನ್ನೂ 40 ಮಿಲಿಸೆಕೆಂಡ್ ತಡಮಾಡಿದೆ, ನಾಲ್ಕನೆಯದನ್ನು ಮಾತ್ರ 22. ಕಿವಿಗೆ ನಾಲ್ಕನೆಯದು 18 ಮುಂಚೆ ಬಂದಂತೆಯೇ. ಮಾವ ಏನೂ ಹೇಳಲಿಲ್ಲ, ತೊಡೆಯ ಮೇಲೆ ತಾಳ ಹಾಕತೊಡಗಿದರು.

ಜುಲೈ 23, ಪುಷ್ಯ ಮಳೆ

ಆ 18ನ್ನು ಅಕ್ಷರದ ಶೇಕಡಾ 7.5 ಎಂದು ಬರೆದಿಟ್ಟಿದ್ದೆ, ವೇಗ ಬದಲಾದರೆ ತಾನಾಗಿ ಹೊಂದಿಕೊಳ್ಳಲಿ ಎಂದು. ಎರಡನೇ ಕಾಲದಲ್ಲಿ ಅಕ್ಷರ 120 ಮಿಲಿಸೆಕೆಂಡ್, ಲೆಕ್ಕದ ಪ್ರಕಾರ 9 ಬರಬೇಕು. ಮಾವ ತಟ್ಟಿದಾಗ 15 ಬಂತು. ನನ್ನ ಊಹೆ ತಪ್ಪಿತ್ತು. ವೇಗ ಇಮ್ಮಡಿಯಾದರೂ ಆ ತಿರುವು ಅರ್ಧವಾಗುವುದಿಲ್ಲ. ಶೇಕಡಾವಾರು ಅಳಿಸಿ, ಒಂದೊಂದು ಕಾಲಕ್ಕೂ ಏಳು ಮನೆಗಳ ಬೇರೆ ಪಟ್ಟಿ ಇಟ್ಟಿದ್ದೇನೆ. ಎರಡು ತುಂಬಿವೆ. ವಿಳಂಬ ಕಾಲದ್ದು ಖಾಲಿ ಇದೆ; ಮಾವ ಊರಿಗೆ ಹೊರಡುವುದು ಶನಿವಾರ, ಅಷ್ಟರಲ್ಲಿ ಅದನ್ನೂ ಅಳೆದುಕೊಳ್ಳಬೇಕು.