ನೀಲಿ ಮಗ್

ಊಟಕ್ಕೆ ಕರೆಯುವಷ್ಟು ತ್ರಾಣ ಇರಲಿಲ್ಲ, ಅದಕ್ಕೇ ಎಂಟು ಜನರನ್ನು ಸಂಜೆ ನಾಲ್ಕಕ್ಕೆ ಟೀಗೆ ಕರೆದೆ. ಟೀ ಅಂದ್ರೆ ಏನು ಮಹಾ, ನೀರು ಕುದಿಸಿದರೆ ಆಯ್ತು ಅಂದುಕೊಂಡಿದ್ದೆ.

ಕಪ್ ಎಣಿಸುವಾಗಲೇ ಮೊದಲ ಪೆಟ್ಟು. ಸೆಟ್ಟಿನ ಆರರಲ್ಲಿ ಒಂದರ ಹಿಡಿ ಮುರಿದಿತ್ತು. ಉಳಿದ ಐದರ ಜೊತೆಗೆ ಕೆಂಪು, ಹಳದಿ, ನೀಲಿ, ಹಸಿರು ಅಂತ ನಾಲ್ಕು ಮಗ್ ಸೇರಿಸಿ ಒಂಬತ್ತು ಮಾಡಿದೆ. ನಾನೂ ಕುಡಿಯಬೇಕಲ್ವಾ?

ಬಂದವರನ್ನು ಕಾಯಿಸಬಾರದು ಅಂತ ಮೂರೂವರೆಗೇ ದೊಡ್ಡ ಪಾಟಿಗೆ ಟೀ ಎಲೆ ಹಾಕಿ, ಕುದಿಯುವ ನೀರು ಸುರಿದು, ಮುಚ್ಚಿಟ್ಟೆ. ಎಲ್ಲರೂ ಬಂದು ಕೂತಾಗ ನಾಲ್ಕೂಕಾಲು. ಅಲ್ಲಿಯವರೆಗೂ ಎಲೆ ನೀರಲ್ಲೇ ಇತ್ತು. ಬಗ್ಗಿಸಿ ಕೊಟ್ಟೆ. ಒಬ್ಬರು ಒಂದು ಗುಟುಕು ಕುಡಿದು ಕಪ್ಪನ್ನು ಮೆಲ್ಲಗೆ ಸಾಸರ್ ಮೇಲಿಟ್ಟರು. ಇನ್ನೊಬ್ಬರು "ಸ್ಟ್ರಾಂಗ್ ಆಗಿದೆ" ಅಂದರು. ನೀಲಿ ಮಗ್ ಹಿಡಿದಿದ್ದ ಗೆಳೆಯ ಮಾತ್ರ "ಸಕತ್ತಾಗಿದೆ, ಟೀ ಅಂದ್ರೆ ಹೀಗಿರಬೇಕು" ಅಂದ. ನನಗೆ ಜೀವ ಬಂತು. ಆಮೇಲೆ ನಾನೂ ಕುಡಿದೆ. ಕಾಯಿಹಣ್ಣು ಕಚ್ಚಿದ ಹಾಗೆ ನಾಲಿಗೆ ಒಣಗಿ ಅಂಟಿಕೊಂಡಿತು. ಬಿಸಿನೀರು ಬೆರೆಸಿದೆ. ಬಣ್ಣ ಹೋಯಿತು, ಒಗರು ಹೋಗಲಿಲ್ಲ.

ಅಡುಗೆಮನೆಗೆ ಅಕ್ಕ ಬಂದಳು. "ನೀನು ಹೋಗಿ ಕೂತ್ಕೊ. ಅವರು ನಿನ್ನ ನೋಡೋಕೆ ಬಂದಿರೋದು" ಅಂದಳು. ನಾನು ಹೋಗಲಿಲ್ಲ, ನೋಡುತ್ತಾ ನಿಂತೆ. ಪಾಟಿನಲ್ಲಿದ್ದದ್ದನ್ನೆಲ್ಲ ಸಿಂಕಿಗೆ ಚೆಲ್ಲಿದಳು. ಖಾಲಿ ಪಾಟಿಗೆ ಬಿಸಿನೀರು ಹಾಕಿ, ಒಂದು ಸುತ್ತು ಆಡಿಸಿ, ಅದನ್ನೂ ಚೆಲ್ಲಿದಳು. ತಣ್ಣಗಿನ ಪಾಟು ನೀರಿನ ಕಾವನ್ನು ಕುಡಿದುಬಿಡುತ್ತಂತೆ. ಕಪ್ಪಿಗೆ ಒಂದು ಟೀ ಚಮಚದಷ್ಟು ಎಲೆ, ಅಂದರೆ ಸುಮಾರು 2 ಗ್ರಾಂ. ಮೊಬೈಲಿನಲ್ಲಿ 4 ನಿಮಿಷದ ಅಲಾರಂ. ಅದು ಹೊಡೆದ ತಕ್ಷಣ ಪೂರ್ತಿ ಸೋಸಿ ಫ್ಲಾಸ್ಕಿಗೆ ಹಾಕಿದಳು. ಎಲೆಯಲ್ಲಿರುವ ಟ್ಯಾನಿನ್ ನೀರಿಗೆ ಬಿಡುತ್ತಲೇ ಇರುತ್ತೆ, ಅದೇ ಆ ಒಗರು. ಸೋಸಿಟ್ಟರೆ ಅಲ್ಲಿಗೆ ನಿಲ್ಲುತ್ತೆ. ಗ್ರೀನ್ ಟೀಗೆ ಇನ್ನೂ ಜಾಸ್ತಿ ನಾಜೂಕು. ಕುದಿದ ನೀರನ್ನು ಕೆಲವು ನಿಮಿಷ ಮುಚ್ಚಳ ತೆಗೆದಿಟ್ಟು, 80 ಡಿಗ್ರಿ ಹತ್ತಿರಕ್ಕೆ ಇಳಿದ ಮೇಲೆ ಹಾಕಿ, ಎರಡೇ ನಿಮಿಷಕ್ಕೆ ಸೋಸಿದಳು.

ಆಮೇಲೆ ಅವಳು ಮಾಡಿದ ಕೆಲಸ ನನಗೆ ಹೊಳೆದೇ ಇರಲಿಲ್ಲ. ಕೆಟಲ್, ಹಾಲು, ಸಕ್ಕರೆ, ನಿಂಬೆ ಹೋಳು, ಎಲ್ಲವನ್ನೂ ತಂದು ನಡುವಿನ ಮೇಜಿನ ಮೇಲೆ ಇಟ್ಟುಬಿಟ್ಟಳು. ಅಲ್ಲಿಯವರೆಗೆ ಎಲ್ಲರೂ ಗೋಡೆಗಂಟಿ ಕೂತು ಬಿಸ್ಕತ್ತು ಕಡಿಯುವ ಸದ್ದು ಮಾತ್ರ ಬರುತ್ತಿತ್ತು. ಈಗ ಬಗ್ಗಿಸಿಕೊಳ್ಳೋಕೆ ಏಳಲೇಬೇಕು. ಎದ್ದವರು ಮೇಜಿನ ಸುತ್ತಲೇ ನಿಂತರು. ಹಾಲು ಮೊದಲೋ ಟೀ ಮೊದಲೋ ಅಂತ ಜಗಳ ಶುರುವಾಯಿತು. ಒಬ್ಬರು ಇದನ್ನು 'ಹೈ ಟೀ' ಅಂದರು. ಇನ್ನೊಬ್ಬರು ಬಿಡಲಿಲ್ಲ: "ಹೈ ಟೀ ಅಂದ್ರೆ ಇಂಗ್ಲೆಂಡಿನ ದುಡಿಯುವ ಜನರ ಸಂಜೆ ಊಟ ರೀ. ಬೆಡ್‌ಫರ್ಡ್ ಡಚೆಸ್ 1840ರ ಆಸುಪಾಸಿನಲ್ಲಿ ರೂಢಿಗೆ ತಂದಳು ಅಂತಾರಲ್ಲ, ಅದು ಆಫ್ಟರ್‌ನೂನ್ ಟೀ. ರಾತ್ರಿ ಊಟ ತಡ, ಮಧ್ಯೆ ಹಸಿವು, ಅಷ್ಟೇ." ಗ್ರೀನ್ ಟೀ, ಬ್ಲ್ಯಾಕ್ ಟೀ ಎರಡೂ ಒಂದೇ ಗಿಡದ್ದು ಅಂದಾಗ ಯಾರೂ ನಂಬಲಿಲ್ಲ. ಎಲೆಯನ್ನು ಬಾಡಿಸಿ, ಹೊಸಕಿ, ಗಾಳಿಗೆ ಬಿಟ್ಟರೆ ಕಪ್ಪಾಗುತ್ತೆ, ಕಿತ್ತ ಸ್ವಲ್ಪ ಹೊತ್ತಿಗೇ ಬಿಸಿ ಮುಟ್ಟಿಸಿದರೆ ಹಸಿರಾಗೇ ಉಳಿಯುತ್ತೆ ಅಂತ ಅಕ್ಕನೇ ಹೇಳಬೇಕಾಯಿತು.

ಒಬ್ಬರು ಕಪ್ಪು ಟೀಗೆ ನಿಂಬೆ ಹಿಂಡಿದರು. ಗಾಢ ಕಂದು ಬಣ್ಣ ಕಣ್ಣೆದುರೇ ತಿಳಿಯಾಗಿ ಜೇನಿನಂತಾಯಿತು. ಅದನ್ನು ನೋಡಿ ಹುರುಪಿನಲ್ಲಿ ಪಕ್ಕದವರೂ ಹಿಂಡಿದರು, ಹಾಲು ಹಾಕಿದ ಕಪ್ಪಿಗೆ! ಹಾಲು ಒಡೆದು ತೇಲಿದ್ದು ನೋಡಿ ಒಂಬತ್ತು ಜನರೂ ನಕ್ಕಿದ್ದೇ ನಕ್ಕಿದ್ದು. ನಾಲ್ಕಕ್ಕೆ ಬಂದವರು ಹೊರಟಾಗ ಏಳೂವರೆ.

ಮರುದಿನ ಬೆಳಗ್ಗೆ ಕಿಟಕಿಯ ಪರದೆ ಸರಿಸಿದೆ. ಕಟ್ಟೆಯ ಮೂಲೆಯಲ್ಲಿ ನೀಲಿ ಮಗ್ ಇತ್ತು. ಅಂಚಿನವರೆಗೂ ತುಂಬಿ, ತಣ್ಣಗಾಗಿ, ಮೇಲೆ ಕೆನೆಯಂತೆ ಪದರ ಕಟ್ಟಿಕೊಂಡಿತ್ತು. ಮೊದಲ ಪಾಟಿನ ಟೀ.