ಚೀಟಿ ಬಾರದ ಹಾಡುಗಳು

ಸೋದರಮಾವನಿಗೆ ಅರವತ್ತು ತುಂಬುತ್ತಿತ್ತು. ಶಾಂತಿಗೆ ಬಂದವರಿಗೆಲ್ಲ ಅವರ ಹಾಡುಗಳ ಪೆನ್‌ಡ್ರೈವ್ ಕೊಡಬೇಕು ಅಂತ ಅತ್ತೆಗೆ ಆಸೆ. ಆ ಕೆಲಸ ನನ್ನ ಪಾಲಿಗೆ ಬಂತು. ಒಂದು ಭಾನುವಾರ ಬೆಳಿಗ್ಗೆನೇ ಬೆಂಗಳೂರು ಬಿಟ್ಟು ಹಾಸನಕ್ಕೆ ಹೋದೆ.

ಮಾವ ಆರ್ಕೆಸ್ಟ್ರಾ ಗಾಯಕರು. ಗಣೇಶನ ಪೆಂಡಾಲು, ಬೇಲೂರಿನ ತೇರು, ಸಕಲೇಶಪುರದ ಕಡೆಯ ಮದುವೆಗಳು, ಹೀಗೆ ಮೂವತ್ತು ವರ್ಷ ಹಾಡಿದ್ದಾರೆ. ಎಲ್ಲ ಬೇರೆಯವರ ಹಾಡುಗಳೇ. ಅವರದೇ ಅಂತ ಒಂದು ಕ್ಯಾಸೆಟ್ಟೂ ಹೊರಬಂದಿಲ್ಲ. ಸ್ಪೀಕರ್ ಪಕ್ಕ ಟೇಪ್ ರೆಕಾರ್ಡರ್ ಇಟ್ಟು ಯಾರ್ಯಾರೋ ಹಿಡಿದ ಹನ್ನೊಂದು ಕ್ಯಾಸೆಟ್ ಮಾತ್ರ ಒಂದು ಬಿಸ್ಕತ್ ಡಬ್ಬಿಯಲ್ಲಿದ್ದವು.

ಎರಡರ ರೀಲಿಗೆ ಬಿಳಿ ಬೂಷ್ಟು ಹಿಡಿದಿತ್ತು. ಹತ್ತಿಗೆ ಸ್ಪಿರಿಟ್ ಅದ್ದಿ ಟೇಪಿನ ಹೆಡ್ ಒರೆಸಿದೆ. ಹತ್ತಿ ಕಂದುಬಣ್ಣಕ್ಕೆ ತಿರುಗಿತು. ಮತ್ತೊಂದು ತುಂಡು ತಗೊಂಡೆ. ಹತ್ತಿ ಬೆಳ್ಳಗೇ ಉಳಿಯುವ ತನಕ ಒರೆಸಬೇಕು. ಸಡಿಲವಾದ ರೀಲನ್ನು ಪೆನ್ಸಿಲ್ ತೂರಿಸಿ ಬಿಗಿ ಮಾಡಿದೆ. ಆಮೇಲೆ ಇಯರ್‌ಫೋನ್ ತೂತಿನಿಂದ ಲ್ಯಾಪ್‌ಟಾಪಿಗೆ ವೈರು. ಒಂದು ಗಂಟೆಯ ಕ್ಯಾಸೆಟ್ ಇಳಿಸೋಕೆ ಒಂದು ಗಂಟೆಯೇ ಬೇಕು. ಅವಸರ ಮಾಡೋ ಹಾಗಿಲ್ಲ.

ಹಾಡುಗಳನ್ನು ಯಾವ ಕ್ರಮದಲ್ಲಿ ಜೋಡಿಸಬೇಕು ಅನ್ನೋದಕ್ಕೆ ನನ್ನ ತಲೆಯಲ್ಲಿ ಒಂದೇ ಮಾದರಿ ಇತ್ತು. ಇಂಗ್ಲೆಂಡಿನ ರಾಕ್ ಗಾಯಕ ರಾಬರ್ಟ್ ಪ್ಲಾಂಟ್ 2003ರಲ್ಲಿ ತಂದ 'ಸಿಕ್ಸ್‌ಟಿ ಸಿಕ್ಸ್ ಟು ಟಿಂಬಕ್ಟು'. ಎರಡು ಸಿ.ಡಿ., 35 ಹಾಡು. ಪ್ಲಾಂಟ್ ಹೆಸರು ಹೇಳಿದರೆ ಎಲ್ಲರಿಗೂ ನೆನಪಾಗೋದು ಅವನು ಹಾಡುತ್ತಿದ್ದ ತಂಡ ಲೆಡ್ ಝೆಪೆಲಿನ್. ಡ್ರಮ್ಮರ್ ಜಾನ್ ಬಾನಮ್ ತೀರಿಕೊಂಡ ಮೇಲೆ 1980ರಲ್ಲಿ ಆ ತಂಡ ನಿಂತುಹೋಯಿತು. ಈ ಸಂಕಲನದಲ್ಲಿ ಝೆಪೆಲಿನ್‌ನ ಒಂದೇ ಒಂದು ಹಾಡೂ ಇಲ್ಲ. ಕೊಂಡ ಹೊಸದರಲ್ಲಿ ನನಗೆ ಮೋಸ ಹೋದ ಹಾಗಾಗಿತ್ತು. ಈಗ ಝೆಪೆಲಿನ್‌ಗಿಂತ ಇದನ್ನೇ ಜಾಸ್ತಿ ಕೇಳುತ್ತೇನೆ.

ಮೊದಲ ಸಿ.ಡಿ.ಯಲ್ಲಿ ತಂಡ ನಿಂತ ಮೇಲಿನ ಹಾಡುಗಳು. 1983ರ 'ಬಿಗ್ ಲಾಗ್' ಇದರಲ್ಲಿದೆ. ನನಗೆ ಪ್ರಾಣ ಎರಡನೆಯದು. ಅದು ಶುರುವಾಗೋದೇ 1966ರಲ್ಲಿ, ಪ್ಲಾಂಟ್‌ಗೆ ಆಗ ಹದಿನೆಂಟು. ಕ್ಯಾಸೆಟ್ ಬದಲಿಸುವ ನಡುವೆ ಮಾವನಿಗೆ ಅದನ್ನು ಕೇಳಿಸಿದೆ. ಹುಡುಗ ಗಂಟಲು ಹರಿದುಕೊಂಡು ಹಾಡುತ್ತಾನೆ. ಮಾವ ಕಣ್ಣು ಮುಚ್ಚಿ ಕೇಳಿದರು.

"ಇದು ಅವನದೇ ಹಾಡೇನೇ?"

"ಅಲ್ಲ ಮಾವ, ಬೇರೆ ತಂಡದ್ದು. ಇದರಲ್ಲಿ ಅಂಥವು ಸುಮಾರಿದಾವೆ."

"ಹಂಗಾದ್ರೆ ಅವನೂ ನಮ್ಮ ಥರಾನೇ ಶುರು ಮಾಡಿದ್ದು" ಅಂದರು. ಆ ಮಾತು ಹೇಳುವಾಗ ಅವರ ಮುಖ ನೋಡಬೇಕಿತ್ತು. ಇನ್ನೊಂದು ಹಾಕು ಅಂದರು. ಝೆಪೆಲಿನ್‌ಗೆ ಮುಂಚೆ 'ಬ್ಯಾಂಡ್ ಆಫ್ ಜಾಯ್' ಅನ್ನೋ ತಂಡದಲ್ಲಿ ಪ್ಲಾಂಟ್ ಹಾಡಿದ್ದ 'ಹೇ ಜೋ' ಹಾಕಿದೆ. ಅದೂ ಬೇರೆಯವರದೇ.

ಮಧ್ಯಾಹ್ನ ಊಟಕ್ಕೆ ಕೂತಾಗ ಚರ್ಚೆ ಎದ್ದಿತು. ಮಾವನಿಗೆ ಒಂದು ಸಿನಿಮಾ ಹಾಡಿನಿಂದಲೇ ಹೆಸರು. ಎಲ್ಲೇ ಹಾಡಲಿ, ಅದಕ್ಕೇ ವೇದಿಕೆಗೆ ಚೀಟಿ ಬರುತ್ತಿತ್ತು. ಹನ್ನೊಂದು ಕ್ಯಾಸೆಟ್ಟಿನಲ್ಲಿ ಏಳರಲ್ಲಿ ಅದೇ ಹಾಡು.

"ಅದನ್ನ ಬಿಡು" ಅಂದರು ಮಾವ.

"ಜನ ಕೇಳೋದೇ ಅದನ್ನ!" ಅತ್ತೆ ಬಡಿಸುತ್ತಿದ್ದ ಸೌಟು ಹಾಗೇ ಹಿಡಿದು ನಿಂತರು.

"ಚೀಟಿ ಬಂತು ಅಂತ ಅಷ್ಟು ಸಲ ಹಾಡಿದೆ. ಚೀಟಿ ಬರದೇ ಇದ್ರೂ ಹಾಡಿದ್ದೀನಲ್ಲ, ಅವನ್ನ ಹಾಕ್ಲಿ."

ಅತ್ತೆಗೆ ಸಮಾಧಾನ ಆಗಲಿಲ್ಲ. ನಾನು ಮಾವನ ಪಕ್ಷ.

ಸಂಜೆ ಹೊತ್ತಿಗೆ ಇಪ್ಪತ್ತೆರಡು ಹಾಡು ಸಿಕ್ಕವು. ಕೊನೆಗೆ ಯಾವುದು ಇಡೋದು ಅಂತ ತೋಚಲಿಲ್ಲ. ಪ್ಲಾಂಟ್ ಕೊನೆಗೆ ಏನಿಟ್ಟಿದ್ದಾನೆ ಅಂತ ಮಾವನೇ ಕೇಳಿದರು. 2003ರ ಜನವರಿಯಲ್ಲಿ ಆಫ್ರಿಕಾದ ಮಾಲಿ ದೇಶದಲ್ಲಿ, ಟಿಂಬಕ್ಟು ಹತ್ತಿರದ ಮರಳುಗಾಡಿನ ಸಂಗೀತೋತ್ಸವದಲ್ಲಿ ಹಾಡಿದ್ದು ಅದು. ಐವತ್ನಾಲ್ಕರ ದನಿ. ಕಿರುಚಾಟ ಇಲ್ಲ. ತಗ್ಗಿನಲ್ಲೇ ತಡೆದು ತಡೆದು ಹಾಡುತ್ತಾನೆ. ಊರಿಗೆ ಹೋಗಲು ರೈಲು ಚಾರ್ಜು ಗೆದ್ದುಕೊಳ್ಳೋದು, ಅದೇ ಹಾಡಿನ ಹೆಸರು. ಅರ್ಥ ಹೇಳಿದೆ.

ಮಾವ ಸ್ವಲ್ಪ ಹೊತ್ತು ಸುಮ್ಮನಿದ್ದರು. ಆಮೇಲೆ ಹೇಳಿದರು. ಒಂದು ಸಲ ಅರಸೀಕೆರೆಯಲ್ಲಿ ಕಾರ್ಯಕ್ರಮ ಮುಗಿದ ಮೇಲೆ ಕರೆಸಿದವರು ದುಡ್ಡು ಕೊಡದೆ ಹೋಗಿಬಿಟ್ಟರಂತೆ. ಏಳು ಜನ, ಜೊತೆಗೆ ಡ್ರಮ್ಮು, ಕೀಬೋರ್ಡು. ಜಂಕ್ಷನ್‌ನ ಪ್ಲಾಟ್‌ಫಾರ್ಮಿನಲ್ಲೇ ಬೆಳಗಿನ ತನಕ ಕೂತರಂತೆ. ಚಳಿಗೆ ಯಾರಿಗೂ ನಿದ್ದೆ ಇಲ್ಲ. ತಬಲಾದ ಹುಡುಗ ಅಳುತ್ತಿದ್ದ. ಮಾವ ಅವನ ಪಕ್ಕ ಕೂತು, ಅಜ್ಜಿ ರಾಗಿ ಬೀಸುವಾಗ ಹೇಳುತ್ತಿದ್ದ ಪದ ಹೇಳಿದರಂತೆ.

"ಅದು ಯಾವ ಕ್ಯಾಸೆಟ್ಟಲ್ಲಿದೆ ಮಾವ?"

"ಅದನ್ನೆಲ್ಲ ಯಾರು ಹಿಡೀತಾರೆ?"

ಫೋನನ್ನು ಟೀಪಾಯಿ ಮೇಲೆ ಇಟ್ಟು ರೆಕಾರ್ಡ್ ಒತ್ತಿದೆ. ಮಾವ ಹಾರ್ಮೋನಿಯಂ ತರಿಸಲಿಲ್ಲ. ಮೊದಲ ಸಲ ಎತ್ತಿಕೊಂಡ ಶ್ರುತಿ ಮೇಲಾಯಿತು, ದನಿ ಒಡೆಯಿತು. ನಿಲ್ಲಿಸಿದರು. ನೀರು ಕುಡಿದು, ಶ್ರುತಿಯನ್ನು ಎರಡು ಮನೆ ಕೆಳಗೆ ಹಿಡಿದರು. ಬೀಸುವ ಕಲ್ಲು ಸುತ್ತೋ ಹಾಗೆ ಪದ ಸಾಲಿಂದ ಸಾಲಿಗೆ ತಿರುಗಿತು. ಮೂರನೇ ಸಾಲಿಗೆ ಅತ್ತೆ ಅಡುಗೆಮನೆಯಿಂದ ಬಂದು ಬಾಗಿಲಲ್ಲೇ ನಿಂತು ದನಿ ಸೇರಿಸಿದರು. ಅವರಿಗೂ ಆ ಪದ ಗೊತ್ತಿತ್ತು.

ಅಷ್ಟರಲ್ಲಿ ಒಳಗೆ ಕುಕ್ಕರ್ ಕೂಗಿತು. ನಾನು ಫೋನ್ ಕಡೆ ಕೈ ಚಾಚಿದೆ. ಮಾವ ಹಾಡುತ್ತಲೇ ಕೈಸನ್ನೆಯಲ್ಲಿ ತಡೆದರು. ಇಪ್ಪತ್ಮೂರನೇ ಹಾಡಿನಲ್ಲಿ ಆ ಸೀಟಿಯೂ ಇದೆ.