"ಮಲಗಿದರೆ ಅಮಲು ಇಳಿಯುತ್ತೆ" ಅನ್ನೋದನ್ನು ನಂಬಬೇಡಿ

ಅಮೆರಿಕದ ಕಾಲೇಜು ಫ್ರೆಟರ್ನಿಟಿಗಳಲ್ಲಿ (ಹುಡುಗರ ಸಂಘಗಳಲ್ಲಿ) 'ಬಿಗ್-ಲಿಟಲ್ ನೈಟ್' ಅಂತ ಇರುತ್ತೆ. ಹೊಸಬನಿಗೆ ಅವನ 'ಅಣ್ಣ' ಯಾರು ಅಂತ ಗೊತ್ತಾಗುವ ರಾತ್ರಿ. ಕೆಲವು ಕಡೆ ಆ ಅಣ್ಣ ಇಡೀ ಮದ್ಯದ ಬಾಟಲಿ ಕೈಗಿಟ್ಟು ಖಾಲಿ ಮಾಡು ಅಂತಾನೆ. 2021ರ ಮಾರ್ಚ್‌ನಲ್ಲಿ ಓಹಾಯೋದ ಬೌಲಿಂಗ್ ಗ್ರೀನ್‌ನಲ್ಲಿ 20 ವರ್ಷದ ಹುಡುಗ ಜೀವ ಕಳೆದುಕೊಂಡದ್ದು ಹೀಗೆ.

ಲೆಕ್ಕ ಹಾಕಿ. ಶೇ 40ರ ವಿಸ್ಕಿ 750 ಮಿಲಿ ಅಂದರೆ 300 ಮಿಲಿ ಶುದ್ಧ ಆಲ್ಕೋಹಾಲ್, ಸುಮಾರು 237 ಗ್ರಾಂ. ಅಲ್ಲಿನ ಲೆಕ್ಕದಲ್ಲಿ ಒಂದು ಡ್ರಿಂಕ್ ಅಂದರೆ 14 ಗ್ರಾಂ ಆಲ್ಕೋಹಾಲ್. ಇದು ಹತ್ತಿರ ಹತ್ತಿರ 17 ಡ್ರಿಂಕ್. ಲಿವರ್ ಕರಗಿಸೋದು ಗಂಟೆಗೆ ಹೆಚ್ಚುಕಡಿಮೆ ಒಂದು. ಗಟಗಟ ಕುಡಿದದ್ದರಲ್ಲಿ ಬಹಳಷ್ಟು ಇನ್ನೂ ಹೊಟ್ಟೆಯಲ್ಲೇ ಇರುತ್ತೆ, ಹಾಗಾಗಿ ಹುಡುಗ ಮಲಗಿದ ಮೇಲೂ ರಕ್ತಕ್ಕೆ ಏರ್ತಾನೇ ಇರುತ್ತೆ. ಆ ಸ್ಥಿತಿಯಲ್ಲಿ ವಾಂತಿ ಬಂದರೆ ಕೆಮ್ಮಿ ಹೊರಹಾಕುವ ಶಕ್ತಿಯೂ ಇರಲ್ಲ.

2017ರಲ್ಲಿ ಪೆನ್ ಸ್ಟೇಟ್‌ನಲ್ಲಿ ಮೆಟ್ಟಿಲಿಂದ ಬಿದ್ದ 19ರ ಹುಡುಗನನ್ನು ಸೋಫಾ ಮೇಲೆ ಮಲಗಿಸಿ, ಅಂಗಾತ ಹೊರಳದಿರಲಿ ಅಂತ ಪುಸ್ತಕ ತುಂಬಿದ ಬ್ಯಾಗನ್ನು ಬೆನ್ನಿಗೆ ಹಾಕಿದ್ದರು. ಅಂದರೆ ಅಪಾಯ ಇದೆ ಅಂತ ಅವರಿಗೆ ಗೊತ್ತಿತ್ತು! 911ಕ್ಕೆ (ಅಲ್ಲಿನ ತುರ್ತು ಸಹಾಯದ ನಂಬರ್) ಕರೆ ಹೋಗುವಷ್ಟರಲ್ಲಿ ಸುಮಾರು 12 ಗಂಟೆ ಕಳೆದಿತ್ತು. ಒಳಗೆ ತಲೆಬುರುಡೆ ಬಿರುಕುಬಿಟ್ಟಿತ್ತು, ಗುಲ್ಮ (ಸ್ಪ್ಲೀನ್) ಒಡೆದಿತ್ತು. ಬಿದ್ದ ಪೆಟ್ಟನ್ನು ಅಮಲು ಹೀಗೆ ಮುಚ್ಚಿಹಾಕುತ್ತೆ.

ಅಲುಗಾಡಿಸಿದರೂ ಎಚ್ಚರವಾಗದಿದ್ದರೆ, ನಿಮಿಷಕ್ಕೆ ಉಸಿರು 8ಕ್ಕಿಂತ ಕಡಿಮೆಯಿದ್ದರೆ, ಎರಡು ಉಸಿರಿನ ನಡುವೆ 10 ಸೆಕೆಂಡ್ ಅಂತರವಿದ್ದರೆ, ತುಟಿ ನೀಲಿಗಟ್ಟಿ ಮೈ ತಣ್ಣಗಾಗಿದ್ದರೆ, ಫಿಟ್ಸ್ ಬಂದರೆ, ತಲೆಗೆ ಪೆಟ್ಟಾಗಿದ್ದರೆ 911ಕ್ಕೆ ಫೋನ್ ಮಾಡಿ. ಇವೆಲ್ಲ ಸೇರಿ ಬರಲಿ ಅಂತ ಕಾಯಬೇಡಿ, ಒಂದೇ ಸಾಕು. ಪಕ್ಕಕ್ಕೆ ಮಲಗಿಸಿ, ಮೇಲಿನ ಮೊಣಕಾಲು ಮಡಚಿ ಮುಂದಕ್ಕಿಡಿ, ಬಾಯಿ ನೆಲದತ್ತ ವಾಲಿರಲಿ, ಆಂಬುಲೆನ್ಸ್ ಬರೋವರೆಗೆ ಜೊತೆಗೇ ಇರಿ. ಕಾಫಿ, ತಣ್ಣೀರ ಸ್ನಾನ, ನಡೆದಾಡಿಸೋದು ಯಾವುದೂ ರಕ್ತದಲ್ಲಿರುವ ಆಲ್ಕೋಹಾಲನ್ನು ಇಳಿಸಲ್ಲ. ಗೊರಕೆ ಕೇಳಿ ಸಮಾಧಾನಪಡಬೇಡಿ, ಅದು ಗಂಟಲು ಕಟ್ಟಿಕೊಳ್ತಿರೋ ಸದ್ದೂ ಆಗಿರಬಹುದು.

ಕರೆ ತಡವಾಗೋದು ಹೆಚ್ಚಾಗಿ ಹೆದರಿಕೆಯಿಂದ: ಕುಡಿಯೋ ವಯಸ್ಸು 21, ಪೊಲೀಸರು ಬರ್ತಾರೆ ಅಂತ. ಬಹುತೇಕ ರಾಜ್ಯಗಳಲ್ಲಿ ಸಹಾಯಕ್ಕೆ ಕರೆದವರಿಗೆ ಒಂದಷ್ಟು ಕಾನೂನು ರಕ್ಷಣೆ ಇದೆ; ಎಷ್ಟು ಅನ್ನೋದು ರಾಜ್ಯದಿಂದ ರಾಜ್ಯಕ್ಕೆ ಬೇರೆ. ನಿಮ್ಮಲ್ಲಿ ಏನಿದೆ ಅಂತ ಮೊದಲ ವಾರದಲ್ಲೇ ಓದಿಟ್ಟುಕೊಳ್ಳಿ.

ಸೊರೊರಿಟಿ ಅಂದರೆ ಹುಡುಗಿಯರ ಇಂಥದ್ದೇ ಸಂಘ; ಅವುಗಳ ಮನೆಗಳಲ್ಲಿ ಸಾಮಾನ್ಯವಾಗಿ ಮದ್ಯ ನಿಷೇಧ. ಆದ್ದರಿಂದಲೇ ಪಾರ್ಟಿಗಳು ಫ್ರೆಟರ್ನಿಟಿ ಮನೆಗಳಿಗೆ ಹೋಗುತ್ತವೆ. ಗ್ಲಾಸಿಗೆ ಏನು, ಎಷ್ಟು ಸುರಿದರು ಅನ್ನೋದು ಕುಡಿಯೋ ಹುಡುಗಿಯ ಕೈಯಲ್ಲಿರಲ್ಲ.

ಊರಿಂದ ಮಕ್ಕಳನ್ನು ಕಳಿಸೋ ಅಪ್ಪ-ಅಮ್ಮಂದಿರಿಗೆ ಒಂದು ಕೆಲಸ ಇದೆ. 2024ರ ಡಿಸೆಂಬರ್‌ನಲ್ಲಿ ಬಂದ ಫೆಡರಲ್ ಕಾನೂನಿನ ಪ್ರಕಾರ, ಹೇಜಿಂಗ್ (ನಮ್ಮ ರ‍್ಯಾಗಿಂಗ್ ಥರ ಹೊಸಬರಿಗೆ ಕೊಡೋ ಕಾಟ) ಮಾಡಿ ತಪ್ಪಿತಸ್ಥ ಅಂತ ತೀರ್ಮಾನವಾದ ಸಂಘಗಳ ಹೆಸರನ್ನು ಕಾಲೇಜು ತನ್ನ ವೆಬ್‌ಸೈಟಿನಲ್ಲಿ ಹಾಕಬೇಕು. ಮಗ ಸೇರಬೇಕು ಅಂತಿರೋ ಸಂಘದ ಹೆಸರು ಅದರಲ್ಲಿದೆಯಾ ಅಂತ, ಅವನು ಹೂಂ ಅನ್ನೋ ಮೊದಲೇ ಅವನ ಜೊತೆ ಕೂತು ನೋಡಿ.